ಮೊದಲು ನೀರು ನೋಡಿ, ಆಮೇಲೆ ಹಕ್ಕಿ

ಬೆಂಗಳೂರಿನ ಜಕ್ಕೂರು ಕೆರೆಯ ಅಂಚಿನಲ್ಲಿ ನಾನು ಗುರುತು ಇಟ್ಟುಕೊಂಡ ಒಂದು ಕಲ್ಲಿದೆ. ಬೆಳಿಗ್ಗೆ ಕೆರೆಗೆ ಹೋದವಳು ಮೊದಲು ನೋಡುವುದು ಅದನ್ನೇ. ಕಲ್ಲಿನ ನೆತ್ತಿ ಮುಳುಗಿದ್ದರೆ ಒಂದು ಲೆಕ್ಕ, ಅರ್ಧ ನೆನೆದಿದ್ದರೆ ಇನ್ನೊಂದು ಲೆಕ್ಕ, ಬುಡದ ಕೆಸರು ಕಾಣುತ್ತಿದ್ದರೆ ಬೇರೆಯದೇ ಲೆಕ್ಕ. ಬೈನಾಕ್ಯುಲರನ್ನು ಚೀಲದಿಂದ ತೆಗೆಯುವ ಮೊದಲೇ ಆ ದಿನ ಯಾವ ಹಕ್ಕಿಗಳು ದಡದ ಹತ್ತಿರ ಇರುತ್ತವೆ, ಯಾವುವು ಇರುವುದಿಲ್ಲ ಎಂಬುದು ಅರ್ಧದಷ್ಟು ತಿಳಿದುಬಿಡುತ್ತದೆ.

ಇದು ಪುಸ್ತಕದಿಂದ ಕಲಿತದ್ದಲ್ಲ. ನನ್ನ ತಂದೆ ಹೊಸಕೋಟೆ ಕಡೆಯ ಹಳ್ಳಿಯೊಂದರಲ್ಲಿ ನೀರುಗಂಟಿಯಾಗಿದ್ದರು. ತೂಬು ಎತ್ತುವುದು, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಹಾಯಿಸಬೇಕೆಂದು ನೋಡಿಕೊಳ್ಳುವುದು ಅವರ ಕೆಲಸ. ಕೆರೆಯಲ್ಲಿ ನೀರು ಎಷ್ಟಿದೆ ಎಂದು ಯಾರಾದರೂ ಕೇಳಿದರೆ ಅವರು ಏರಿಯ ಮೇಲೆ ನಿಂತು ಬಕ ಎಲ್ಲಿ ನಿಂತಿದೆ ಎಂದು ನೋಡುತ್ತಿದ್ದರು. ‘ಬಕ ನಡುಗೆರೆಯಲ್ಲಿ ನಿಂತರೆ ಇನ್ನು ಎರಡು ಸರದಿಗೆ ಮಾತ್ರ ನೀರು ಮಗಳೇ’ ಎನ್ನುತ್ತಿದ್ದರು. ಹಕ್ಕಿಯನ್ನು ನೋಡಿ ನೀರನ್ನು ಅಳೆಯುವ ಆ ವಿದ್ಯೆಯನ್ನು ನಾನು ತಿರುಗಿಸಿಕೊಂಡೆ, ಅಷ್ಟೇ.

ಕೊಡಿಗೇಹಳ್ಳಿಯಲ್ಲಿ ನನ್ನದೊಂದು ಹೊಲಿಗೆ ಅಂಗಡಿ ಇದೆ. ಹತ್ತು ಗಂಟೆಗೆ ಬಾಗಿಲು ತೆರೆಯುತ್ತೇನೆ. ಅದಕ್ಕೆ ಮೊದಲಿನ ಹೊತ್ತು, ವಾರದಲ್ಲಿ ಮೂರು ದಿನವಾದರೂ, ಕೆರೆಯದು. 2012ರಿಂದ ಹೀಗೆ ನಡೆದಿದೆ. ಅಳತೆ ಟೇಪಿನ ಪಕ್ಕದ ಮೊಳೆಗೆ ನೇತುಹಾಕಿದ ಬೈನಾಕ್ಯುಲರ್ ನೋಡಿ ರವಿಕೆ ಒಯ್ಯಲು ಬಂದವರು ಕೇಳುತ್ತಾರೆ: ‘ಅಕ್ಕಾ, ನಾವೂ ಹಕ್ಕಿ ನೋಡಬೇಕೆಂದರೆ ಹೇಗೆ ಶುರು ಮಾಡುವುದು?’ ಅಂಗಡಿಯಲ್ಲಿ ನಿಂತು ಹೇಳಿ ಮುಗಿಸುವಂಥದ್ದಲ್ಲ ಅದು. ಆದ್ದರಿಂದ ಬರೆಯುತ್ತಿದ್ದೇನೆ.

ಒಂದು ಕೆರೆ ಸಾಕು

ಮನೆಗೆ ಹತ್ತಿರದ ಒಂದು ಕೆರೆಯನ್ನು ಆರಿಸಿಕೊಳ್ಳಿ. ನಡೆದು ಹೋಗುವಷ್ಟು ಹತ್ತಿರ ಇದ್ದರೆ ಉತ್ತಮ. ಹೆಸರುವಾಸಿ ಕೆರೆಯೇ ಆಗಬೇಕಿಲ್ಲ. ವರ್ಷಕ್ಕೊಮ್ಮೆ ದೂರದ ಪಕ್ಷಿಧಾಮಕ್ಕೆ ಹೋಗಿ ನೂರು ಜಾತಿ ನೋಡಿ ಬಂದವರಿಗಿಂತ, ಒಂದೇ ಕೆರೆಗೆ ಐವತ್ತು ಸಲ ಹೋದವರಿಗೆ ಹಕ್ಕಿಗಳು ಹೆಚ್ಚು ಪರಿಚಯವಾಗುತ್ತವೆ. ಇದರಲ್ಲಿ ನನಗೆ ಅನುಮಾನವೇ ಇಲ್ಲ.

ಬೆಂಗಳೂರಿನ ನಡುವೆ ದೊಡ್ಡ ನದಿ ಹರಿಯುವುದಿಲ್ಲ. ಇಲ್ಲಿಯ ಕೆರೆಗಳೆಲ್ಲ ಮಳೆನೀರನ್ನು ಹಿಡಿಯಲು ಏರಿ ಕಟ್ಟಿ ಮಾಡಿಕೊಂಡವು. ಒಂದು ತುಂಬಿ ಕೋಡಿ ಬಿದ್ದರೆ ಕಾಲುವೆ ಹಿಡಿದು ಕೆಳಗಿನ ಕೆರೆಗೆ ನೀರು. ಜಕ್ಕೂರಿನ ನೀರು ಸಂಪಿಗೆಹಳ್ಳಿಯ ಕಡೆಗೂ ರಾಚೇನಹಳ್ಳಿಯ ಕಡೆಗೂ ಇಳಿಯುತ್ತದೆ. ನಿಮ್ಮ ಕೆರೆಗೆ ನೀರು ಎಲ್ಲಿಂದ ಬರುತ್ತದೆ, ಎಲ್ಲಿಗೆ ಹೋಗುತ್ತದೆ ಎಂದು ಮೊದಲ ವಾರದಲ್ಲೇ ನಡೆದು ತಿಳಿದುಕೊಳ್ಳಿ. ನೀರು ಒಳಗೆ ಬರುವ ಕಡೆ ಹೂಳು ನಿಂತು ಆಳ ಕಡಿಮೆ ಇರುತ್ತದೆ, ಜೊಂಡು ಬೆಳೆದಿರುತ್ತದೆ. ಏರಿಯ ಕಡೆ ನೀರು ಆಳ. ಈ ಎರಡು ತುದಿಗಳ ಹಕ್ಕಿಗಳು ಬೇರೆ ಬೇರೆ. ಜಕ್ಕೂರಿಗೆ ಶುದ್ಧೀಕರಿಸಿದ ಒಳಚರಂಡಿ ನೀರು ಜೌಗಿನ ಮೂಲಕ ಹಾದು ಬರುವುದರಿಂದ ಬೇಸಿಗೆಯಲ್ಲೂ ಕೆರೆ ಬತ್ತುವುದಿಲ್ಲ. ಮಳೆಯನ್ನೇ ನಂಬಿದ ಕೆರೆಯಾದರೆ ಏಪ್ರಿಲ್ ಹೊತ್ತಿಗೆ ಅರ್ಧ ಅಂಗಳ ಬಯಲಾಗುತ್ತದೆ. ಎರಡೂ ಒಳ್ಳೆಯವೇ, ಆದರೆ ನೋಡುವ ಕ್ರಮ ಬೇರೆ.

ಈಗ ಅಳತೆಯ ವಿಷಯ. ಹೊಲಿಗೆಯವಳಿಗೆ ಅಳತೆಯೇ ಎಲ್ಲ, ನೀರುಹಕ್ಕಿಗೂ ಹಾಗೆಯೇ. ಯಾವ ಹಕ್ಕಿ ಎಷ್ಟು ಆಳದ ನೀರಿನಲ್ಲಿ ಇರುತ್ತದೆ ಎಂಬುದನ್ನು ಅದರ ಕಾಲಿನ ಉದ್ದ, ಕೊಕ್ಕಿನ ಉದ್ದ ಮೊದಲೇ ನಿರ್ಧರಿಸಿವೆ. ಕೆರೆಯ ನಡುವಿನ ಆಳದಲ್ಲಿ ಈಜುವವರು, ಮುಳುಗುವವರು ಇರುತ್ತಾರೆ: ಹೆಜ್ಜಾರ್ಲೆ (ಪೆಲಿಕನ್), ನೀರುಕಾಗೆ, ಮುಷ್ಟಿಯಷ್ಟೇ ಇದ್ದು ಕಣ್ಣು ಮಿಟುಕಿಸುವುದರೊಳಗೆ ಮಾಯವಾಗುವ ಗುಳುಮುಳುಕ. ಬರೀ ಕತ್ತು ಮಾತ್ರ ನೀರಿನ ಮೇಲೆ ಹಾವಿನಂತೆ ಕಂಡರೆ ಅದು ಹಾವಕ್ಕಿ. ಕಪ್ಪು ಮೈ, ಹಣೆಯ ಮೇಲೆ ಬಿಳಿ ನಾಮ ಇದ್ದರೆ ನಾಮದ ಕೋಳಿ. ಅದನ್ನು ಎಲ್ಲರೂ ಬಾತು ಎನ್ನುತ್ತಾರೆ. ಆದರೆ ಬಾತುಕೋಳಿಗೆ ಇರುವಂತೆ ಅದಕ್ಕೆ ಬೆರಳುಗಳ ನಡುವೆ ಪೂರ್ತಿ ಚರ್ಮವಿಲ್ಲ, ಬೆರಳಿಗೆ ಬೆರಳೇ ಎಲೆಯಂತೆ ಅಗಲವಾಗಿದೆ. ದಡಕ್ಕೆ ಹತ್ತಿದಾಗ ಕಾಲು ನೋಡಿ.

ಸ್ವಲ್ಪ ಈಚೆಗೆ, ನಮ್ಮ ಮೊಣಕಾಲು ಮುಳುಗುವಷ್ಟು ನೀರಿನಲ್ಲಿ, ಬೂದು ಬಕ ಕಲ್ಲಿನಂತೆ ನಿಂತಿರುತ್ತದೆ. ಬಣ್ಣದ ಕೊಕ್ಕರೆ ಕೊಕ್ಕನ್ನು ಅರ್ಧ ತೆರೆದು ನೀರಿನಲ್ಲಿಟ್ಟುಕೊಂಡು ನಡೆಯುತ್ತದೆ. ಅದು ಮೀನನ್ನು ಹಿಡಿಯುವುದು ಕಣ್ಣಿನಿಂದಲ್ಲ, ಸ್ಪರ್ಶದಿಂದ. ಕೊಕ್ಕಿಗೆ ತಾಗಿದ ಕೂಡಲೇ ಕಚ್ಚುತ್ತದೆ. ಗೇಣುದ್ದ ನೀರಿಗೆ ಬಂದರೆ ಬೆಳ್ಳಕ್ಕಿಗಳು, ಮತ್ತು ಗುಲಾಬಿ ಕಾಲಿನ ಮೆಟ್ಟುಗಾಲು ಹಕ್ಕಿ. ನೀರು ಮುಗಿದು ಕೆಸರು ಹೊಳೆಯುವಲ್ಲಿ ಕೆಸರು ಕೆದಕುವ ಗೊರವಗಳು, ಬಾಲ ಕುಣಿಸುವ ಕುಂಡೆಕುಸ್ಕಗಳು, ನೆಲದ ಮೇಲೆ ಮೊಟ್ಟೆಯಿಡುವ ಟಿಟ್ಟಿಭ. ಜೊಂಡಿನೊಳಗೆ ನೇರಳೆ ಜಂಬುಕೋಳಿ, ಹುಂಡುಕೋಳಿ, ಕೆನ್ನೀಲಿ ಬಕ. ತೇಲುವ ಎಲೆಗಳಿದ್ದರೆ ಅವುಗಳ ಮೇಲೆ ಉದ್ದುದ್ದ ಬೆರಳಿನ ದೇವನಕ್ಕಿ ನಡೆದಾಡುತ್ತದೆ.

ಇದನ್ನು ಒಮ್ಮೆ ಮನಸ್ಸಿನಲ್ಲಿ ಮಡಿಸಿಟ್ಟುಕೊಂಡರೆ, ಹಕ್ಕಿಯ ಹೆಸರು ತಿಳಿಯದಿದ್ದರೂ ಎಲ್ಲಿ ಹುಡುಕಬೇಕು ಎಂಬುದು ತಿಳಿಯುತ್ತದೆ. ಮಳೆ ಬಂದು ನೀರು ಒಂದು ಗೇಣು ಏರಿದರೆ ಮೆಟ್ಟುಗಾಲು ಹಕ್ಕಿಗಳು ಕಾಣೆಯಾಗುತ್ತವೆ. ಅವು ಸತ್ತಿಲ್ಲ, ತಮ್ಮ ಕಾಲಿನ ಅಳತೆಯ ನೀರು ಇರುವ ಇನ್ನೊಂದು ಕೆರೆಗೆ ಹೋಗಿವೆ.

ಕೈಯಲ್ಲಿ ಏನಿರಬೇಕು

ಮೊದಲ ಎರಡು ತಿಂಗಳು ಏನೂ ಬೇಡ. ಒಂದು ನೋಟ್‌ಬುಕ್, ಒಂದು ಪೆನ್ಸಿಲ್. ಆಸಕ್ತಿ ಉಳಿದರೆ ಬೈನಾಕ್ಯುಲರ್ ತೆಗೆದುಕೊಳ್ಳಿ. ಅದರ ಮೇಲೆ 8×42 ಎಂದು ಬರೆದಿರುತ್ತದೆ: ಎಂಟು ಪಟ್ಟು ಹತ್ತಿರ ತೋರಿಸುತ್ತದೆ, ಮುಂದಿನ ಗಾಜಿನ ಅಗಲ 42 ಮಿಲಿಮೀಟರ್. ಹೆಚ್ಚು ಪಟ್ಟು ಎಂದರೆ ಹೆಚ್ಚು ಒಳ್ಳೆಯದು ಎಂದು ಅಂಗಡಿಯವರು ಹೇಳಿದರೆ ಒಪ್ಪಬೇಡಿ. ಪಟ್ಟು ಹೆಚ್ಚಾದಷ್ಟೂ ಕೈ ನಡುಕವೂ ಅಷ್ಟೇ ಪಟ್ಟು ಕಾಣುತ್ತದೆ, ನೋಟದ ಅಗಲ ಕಿರಿದಾಗುತ್ತದೆ. ಕನ್ನಡಕ ಹಾಕುವವರು ಕಣ್ಣಿಡುವ ಕಡೆಯ ರಬ್ಬರ್ ಬಟ್ಟಲನ್ನು ಒಳಕ್ಕೆ ತಿರುಗಿಸಿ ಕನ್ನಡಕದ ಮೇಲೆಯೇ ಇಟ್ಟು ನೋಡಬಹುದು.

ಎರಡೂ ಕಣ್ಣಿಗೆ ಹೊಂದಿಸುವುದು ಹೀಗೆ: ದೂರದ ಒಂದು ಫಲಕವನ್ನು ಆರಿಸಿಕೊಳ್ಳಿ. ಬಲಗಣ್ಣು ಮುಚ್ಚಿ, ನಡುವಿನ ಚಕ್ರ ತಿರುಗಿಸಿ ಎಡಗಣ್ಣಿಗೆ ಅಕ್ಷರ ಸ್ಪಷ್ಟವಾಗುವಂತೆ ಮಾಡಿ. ಆಮೇಲೆ ಎಡಗಣ್ಣು ಮುಚ್ಚಿ, ಬಲಗಡೆಯ ಕಣ್ಣಿನ ಬಳಿ ಇರುವ ಸಣ್ಣ ಬಳೆಯನ್ನು ತಿರುಗಿಸಿ. ಆ ಬಳೆಯನ್ನು ಮತ್ತೆ ಮುಟ್ಟಬೇಕಿಲ್ಲ. ಮುಂದೆ ನಡುವಿನ ಚಕ್ರವೊಂದೇ ಸಾಕು. ಇದನ್ನು ಮಾಡದೆ ತಲೆನೋವು ಬಂತೆಂದು ಬೈನಾಕ್ಯುಲರನ್ನೇ ಮೂಲೆಗಿಟ್ಟವರನ್ನು ನಾನು ಕಂಡಿದ್ದೇನೆ.

ಹಕ್ಕಿ ಕಂಡ ಕೂಡಲೇ ತಲೆ ತಗ್ಗಿಸಿ ಬೈನಾಕ್ಯುಲರ್ ಹುಡುಕಬಾರದು. ಕಣ್ಣು ಹಕ್ಕಿಯ ಮೇಲೆಯೇ ನೆಟ್ಟಿರಲಿ, ಕೈ ಬೈನಾಕ್ಯುಲರನ್ನು ಕಣ್ಣಿಗೆ ತರಲಿ. ಸೂಜಿಗೆ ದಾರ ಪೋಣಿಸುವಾಗ ನಾವು ನೋಡುವುದು ಸೂಜಿಯ ಕಣ್ಣನ್ನು, ದಾರವನ್ನಲ್ಲ. ಇದೂ ಹಾಗೆ.

ಬಟ್ಟೆಯ ಬಗ್ಗೆ ಹೇಳದಿದ್ದರೆ ನನ್ನ ಕಸುಬಿಗೆ ಅನ್ಯಾಯ. ಬಿಳಿ ಬೇಡ, ಜರಿ ಬೇಡ. ಪಾಚಿ ಹಸಿರು, ಬೂದು, ಒಣಹುಲ್ಲಿನ ಬಣ್ಣದ ಹತ್ತಿ ಬಟ್ಟೆ ಒಳ್ಳೆಯದು. ನಡೆದರೆ ಸರಸರ ಸದ್ದು ಮಾಡುವ ಸಿಂಥೆಟಿಕ್ ಬಟ್ಟೆಯ ಸದ್ದು ನಮಗಿಂತ ಮೊದಲು ಹುಂಡುಕೋಳಿಗೆ ಕೇಳಿಸುತ್ತದೆ.

ಬೆಳಿಗ್ಗೆ ಸೂರ್ಯ ನಿಮ್ಮ ಬೆನ್ನಿಗಿರಲಿ. ಎಂದರೆ ಕೆರೆಯ ಪೂರ್ವದ ದಡದಲ್ಲಿ ನಿಂತು ಪಶ್ಚಿಮಕ್ಕೆ ನೋಡಬೇಕು. ಎದುರು ಬಿಸಿಲಿನಲ್ಲಿ ಎಲ್ಲ ಹಕ್ಕಿಗಳೂ ಕಪ್ಪು. ಸಂಜೆ ಹೋಗುವವರು ಪಶ್ಚಿಮದ ದಡ ಹಿಡಿಯಿರಿ. ಅನೇಕ ಕೆರೆಗಳ ಗೇಟು ಹಗಲಿನ ಹೊತ್ತು ಮುಚ್ಚಿರುತ್ತದೆ, ಫಲಕದಲ್ಲಿ ಸಮಯ ನೋಡಿಕೊಂಡು ಹೊರಡಿ.

ಜೂನ್‌ನಲ್ಲಿ ಶುರು ಮಾಡಿ

ಹಕ್ಕಿ ನೋಡಲು ಚಳಿಗಾಲವೇ ಸರಿ ಎಂದು ಎಲ್ಲರೂ ಹೇಳುತ್ತಾರೆ. ನೋಡಲು ಸರಿ, ಕಲಿಯಲು ಅಲ್ಲ. ಡಿಸೆಂಬರ್‌ನಲ್ಲಿ ಮೊದಲ ಸಲ ಕೆರೆಗೆ ಹೋದವರ ಪಾಡು ಮದುವೆಯ ಮನೆಗೆ ಹೋದ ಅಪರಿಚಿತರ ಪಾಡು: ಮನೆಯವರು ಯಾರು, ನೆಂಟರು ಯಾರು ಎಂದೇ ಗೊತ್ತಾಗುವುದಿಲ್ಲ. ಜೂನ್‌ನಲ್ಲಿ ವಲಸೆಯ ಹಕ್ಕಿಗಳು ಬಹುತೇಕ ಇರುವುದಿಲ್ಲ. ಕೆರೆಯಲ್ಲಿ ಉಳಿದಿರುವುದು ಮನೆಯವರು ಮಾತ್ರ. ಮೃಗಶಿರಾ ಮಳೆಯ ಹೊತ್ತಿಗೆ ಆರಂಭಿಸಿ, ಹಸ್ತದ ಮಳೆಯ ಹೊತ್ತಿಗೆ ಇಪ್ಪತ್ತು ಮನೆಯ ಹಕ್ಕಿಗಳನ್ನು ನಡಿಗೆಯಿಂದಲೇ ಗುರುತಿಸುವಂತಾದರೆ, ಅಕ್ಟೋಬರ್‌ನಲ್ಲಿ ಬರುವ ಹೊಸ ಮುಖ ತಾನಾಗಿ ಕಣ್ಣಿಗೆ ಬೀಳುತ್ತದೆ.

ಮನೆಯವರೂ ಈ ಕಾಲದಲ್ಲಿ ಬಟ್ಟೆ ಬದಲಿಸಿರುತ್ತಾರೆ ಎಂಬುದು ನೆನಪಿರಲಿ. ವರ್ಷದ ಉಳಿದ ಕಾಲವೆಲ್ಲ ಮಣ್ಣಿನ ಬಣ್ಣದಲ್ಲಿ ಕೂತಿರುವ ಕೊಳದ ಬಕದ ಬೆನ್ನು ಈಗ ಗಾಢ ಕೆಂಗಂದು. ಗೋವಕ್ಕಿಯ ತಲೆ ಕತ್ತುಗಳಿಗೆ ಅರಿಸಿನ ಬಳಿದಂತೆ ಕಿತ್ತಳೆ ಬಣ್ಣ. ಗುಳುಮುಳುಕದ ಕೆನ್ನೆ ಕತ್ತುಗಳು ಇಟ್ಟಿಗೆಯ ಕೆಂಪು, ಕೊಕ್ಕಿನ ಬುಡದಲ್ಲಿ ಒಂದು ತಿಳಿಹಳದಿ ಚುಕ್ಕೆ. ಮರಿಗಳಾದ ಮೇಲೆ ಅವನ್ನು ಬೆನ್ನಿನ ಮೇಲೆ ಕೂರಿಸಿಕೊಂಡು ಈಜುತ್ತದೆ. ಮೊದಲ ಸಲ ಅದನ್ನು ನೋಡಿದ ದಿನ ನಾನು ಅಂಗಡಿ ತೆರೆದದ್ದು ಹನ್ನೊಂದೂವರೆಗೆ.

ತೇಲುವ ಎಲೆಗಳಿರುವ ಕೆರೆಯಾದರೆ ಬಾಲದ ದೇವನಕ್ಕಿಗೆ ಕಾಯಿರಿ. ಮಳೆಗಾಲದಲ್ಲಿ ಅದಕ್ಕೆ ಉದ್ದದ ಕಪ್ಪು ಬಾಲ ಬರುತ್ತದೆ, ಹಿಂಗತ್ತಿನಲ್ಲಿ ಹೊಂಬಣ್ಣದ ಪಟ್ಟಿ. ಇದರಲ್ಲಿ ಮೊಟ್ಟೆಗೆ ಕಾವು ಕೊಡುವುದು, ಮರಿ ಸಾಕುವುದು ಗಂಡು. ಹೆಣ್ಣು ಮೊಟ್ಟೆಯಿಟ್ಟು ಇನ್ನೊಂದು ಗಂಡಿನ ಬಳಿಗೆ ಹೋಗುತ್ತದೆ.

ಆದರೆ ಮಳೆಗಾಲದಲ್ಲಿ ನನ್ನನ್ನು ಗಂಟೆಗಟ್ಟಲೆ ಹಿಡಿದಿಡುವುದು ಗೀಜಗ. ನೀರಿನ ಮೇಲೆ ಬಾಗಿದ ಜಾಲಿಯ ಕೊಂಬೆಯೋ ಈಚಲಿನ ಗರಿಯೋ ಸಿಕ್ಕರೆ ಗಂಡು ಗೀಜಗಗಳು ಒಟ್ಟಾಗಿ ಕೆಲಸಕ್ಕೆ ಕೂರುತ್ತವೆ. ಹುಲ್ಲಿನ ಎಲೆಯ ಬುಡದಲ್ಲಿ ಕಚ್ಚಿ, ಹಾರುತ್ತಲೇ ಎಳೆದು ಉದ್ದನೆಯ ಎಳೆ ಸೀಳಿಕೊಳ್ಳುತ್ತವೆ. ಕೊಂಬೆಗೆ ಮೊದಲು ಗಂಟು, ಆಮೇಲೆ ಒಂದು ಬಳೆಯಂಥ ಸುತ್ತು, ಅದರಿಂದ ಮೊಟ್ಟೆಯ ಕೋಣೆ, ಕೊನೆಗೆ ಇಳಿಬಿದ್ದ ಕೊಳವೆ. ಗೂಡು ಅರ್ಧ, ಶಿರಸ್ತ್ರಾಣದಂತೆ ಆದಾಗ ಗಂಡು ಅದರ ಕೆಳಗೆ ಜೋತುಬಿದ್ದು ರೆಕ್ಕೆ ಬಡಿದು ಹೆಣ್ಣನ್ನು ಕರೆಯುತ್ತದೆ. ಹೆಣ್ಣು ಬಂದು ಒಳಗೆ ಹೊಕ್ಕು ಎಳೆಗಳನ್ನು ಎಳೆದೆಳೆದು ನೋಡುತ್ತದೆ. ಒಪ್ಪಿದರೆ ಗಂಡು ಪೂರ್ತಿ ಮಾಡುತ್ತದೆ. ಒಪ್ಪದಿದ್ದರೆ ಅದನ್ನು ಹಾಗೆಯೇ ಬಿಟ್ಟು ಇನ್ನೊಂದು ನೇಯಲು ತೊಡಗುತ್ತದೆ. ನೇಯ್ಗೆಯ ಆ ಹೊಲಿಗೆ, ಮೇಲೆ ಕೆಳಗೆ ಹೊಕ್ಕು ಹಿಂದಕ್ಕೆ ಬಂದು ಬಿಗಿಯುವ ಆ ಕೊಕ್ಕಿನ ಚಲನೆ ನನ್ನ ಕೈಗೆ ಗೊತ್ತಿರುವ ಚಲನೆ. ಗೂಡಿನ ಬಣ್ಣ ನೋಡಿ ವಯಸ್ಸು ಹೇಳಬಹುದು: ಹಸಿರಾಗಿದ್ದರೆ ಈ ವಾರದ್ದು, ಒಣಹುಲ್ಲಿನ ಬಣ್ಣವಾದರೆ ಹಳೆಯದು.

ಮಳೆಯಲ್ಲಿ ಬೈನಾಕ್ಯುಲರಿನ ಒಳಗೆ ತೇವ ಹೋದರೆ ಗಾಜಿನ ಮೇಲೆ ಬೂಸು ಕಟ್ಟುತ್ತದೆ. ಮನೆಗೆ ಬಂದು ಒರೆಸಿ, ಸಿಲಿಕಾ ಜೆಲ್ ಪೊಟ್ಟಣಗಳಿರುವ ಡಬ್ಬಿಯಲ್ಲಿ ಇಡಿ.

ನೆಂಟರು ಬರುವ ಕಾಲ

ಚಳಿ ಶುರುವಾಗುವ ಮುಂಚೆಯೇ ನೆಂಟರ ಮೊದಲ ತಂಡ ಬಂದಿರುತ್ತದೆ. ಸೆಪ್ಟೆಂಬರ್‌ನಲ್ಲಿ ಕಾಲುವೆಯ ಕಲ್ಲುಗಳ ಮೇಲೆ ಬೂದು ಕುಂಡೆಕುಸ್ಕ ಬಾಲ ಕುಣಿಸುತ್ತಾ ನಿಂತರೆ ಅದು ಹಿಮಾಲಯದ ಕಡೆಯಿಂದ ಇಳಿದು ಬಂದದ್ದು. ಹೆಸರು ಬೂದು, ಆದರೆ ಹೊಟ್ಟೆ ಹಳದಿ, ಮೋಸ ಹೋಗಬೇಡಿ. ಕೆಸರಿನ ಗೊರವಗಳು ಇನ್ನೂ ಮುಂಚೆಯೇ ಇರುತ್ತವೆ. ತಂತಿಯ ಮೇಲೆ ಕವಲುತೋಕೆಗಳು ಸಾಲಾಗಿ ಕೂರುತ್ತವೆ. ಪೊದೆಯೊಳಗಿಂದ ಎರಡು ಬೆಣಚುಕಲ್ಲು ತಾಗಿಸಿದಂತೆ ‘ಚಕ್, ಚಕ್’ ಎಂಬ ಸದ್ದು ಕೇಳಿ, ಯಾರೂ ಕಾಣದಿದ್ದರೆ ಅದು ವಲಸೆ ಬಂದ ಉಲಿಯಕ್ಕಿ. ಅದನ್ನು ಕಣ್ಣಿನಿಂದ ನೋಡುವ ಹಟ ಬಿಡಿ, ಕಿವಿಯಿಂದ ಗುರುತು ಹಾಕಿಕೊಳ್ಳಿ.

ಬಾತುಗಳು ತುಂಬಿ ಬರುವುದು ಕಡಲೆಕಾಯಿ ಪರಿಷೆಯ ಹೊತ್ತಿಗೆ, ನವೆಂಬರ್ ಡಿಸೆಂಬರ್‌ನಲ್ಲಿ. ಬಿಳಿ ಹುಬ್ಬಿನ ಬಾತು, ಚಲುಕ ಬಾತು, ಸೂಜಿಬಾಲದ ಬಾತು: ಈ ಮೂರನ್ನು ಕಲಿತರೆ ಬೆಂಗಳೂರಿನ ಚಳಿಗಾಲದ ಬಹುಪಾಲು ಕಲಿತಂತೆ. ಇಲ್ಲಿ ಹೊಸಬರು ಎಡವುವ ಜಾಗವೊಂದಿದೆ. ಚಿತ್ರಪಟದಲ್ಲಿ ಗಂಡು ಬಿಳಿ ಹುಬ್ಬಿನ ಬಾತಿಗೆ ಕಣ್ಣಿನ ಮೇಲಿಂದ ಹಿಂಗತ್ತಿನವರೆಗೆ ದಪ್ಪ ಬಿಳಿ ಅಂಚು ಇರುತ್ತದೆ. ಅದನ್ನು ಹುಡುಕಿಕೊಂಡು ನವೆಂಬರ್‌ನಲ್ಲಿ ಹೋದರೆ ಇರುವವೆಲ್ಲ ಹೆಣ್ಣುಗಳೇ ಎನಿಸುತ್ತದೆ. ಹಾಗಲ್ಲ. ಗಂಡುಗಳು ಆಗ ಹೆಣ್ಣಿನಂಥದೇ ಮಾಸಲು ಗರಿಯಲ್ಲಿರುತ್ತವೆ. ಹೊಸ ಗರಿ ತೊಡುವುದು ಚಳಿಗಾಲ ಮುಂದುವರಿದಂತೆ. ಫೆಬ್ರವರಿಯಲ್ಲಿ ಹೋಗಿ ನೋಡಿ, ಅಂಚು ಹೊಲಿದಾಗಿರುತ್ತದೆ. ಅಲ್ಲಿಯವರೆಗೆ ಬಣ್ಣ ನಂಬದೆ ಕೊಕ್ಕು ಮತ್ತು ಆಕಾರ ನೋಡಿ. ಚಲುಕ ಬಾತಿನ ಕೊಕ್ಕು ತುದಿಯಲ್ಲಿ ಸೌಟಿನಂತೆ ಅಗಲ, ಅದನ್ನು ನೀರಿನ ಮೇಲೆ ಆಡಿಸುತ್ತಾ ಈಜುತ್ತದೆ. ಸೂಜಿಬಾಲದ ಬಾತಿಗೆ ಉದ್ದ ಸಪೂರ ಕತ್ತು. ಮೂರರಲ್ಲಿ ಚಿಕ್ಕದು ಬಿಳಿ ಹುಬ್ಬಿನದು. ಕಪ್ಪು ಕೊಕ್ಕಿನ ತುದಿಗೆ ಹಳದಿ, ಬುಡದಲ್ಲಿ ಕೆಂಪು ಚುಕ್ಕೆ ಇರುವ ದೊಡ್ಡ ಬಾತು ಕಂಡರೆ ಅದು ನೆಂಟನಲ್ಲ, ನಮ್ಮ ವರಟೆ.

ಹಕ್ಕಿಗಳು ನಡುಗೆರೆಯಲ್ಲಿ ನಿದ್ದೆ ಹೋದಂತಿದ್ದರೆ ಬೇಸರಪಡದೆ ಕಾಯಿರಿ. ಜೌಗು ಸೆಳೆವ ಎಂಬ ಬೇಟೆಯ ಹಕ್ಕಿ ರೆಕ್ಕೆಗಳನ್ನು ಇಂಗ್ಲಿಷಿನ ‘ವಿ’ ಅಕ್ಷರದಂತೆ ಎತ್ತಿ ಹಿಡಿದು ಜೊಂಡಿನ ಮೇಲೆ ತೇಲಿ ಬರುತ್ತದೆ. ಆ ಕ್ಷಣ ಚದುರಿದ್ದ ನಾಮದ ಕೋಳಿಗಳೆಲ್ಲ ಒಂದೇ ಗುಂಪಾಗಿ ಒತ್ತೊತ್ತಾಗಿ ಸೇರುತ್ತವೆ, ಬಾತುಗಳು ಎದ್ದು ಸುತ್ತು ಹೊಡೆಯುತ್ತವೆ. ಇಡೀ ಕೆರೆ ಎಚ್ಚರವಾಗುತ್ತದೆ. ಬಾತುಗಳನ್ನು ಎಣಿಸಲು ಅದೇ ಸಮಯ.

ಎಣಿಸುವುದು ಹೇಗೆ ಎಂದರೆ: ಗುಂಪಿನ ಒಂದು ತುದಿಯಲ್ಲಿ ಹತ್ತು ಹಕ್ಕಿಗಳನ್ನು ಒಂದೊಂದಾಗಿ ಎಣಿಸಿ. ಆ ಹತ್ತು ಎಷ್ಟು ಜಾಗ ಹಿಡಿಯುತ್ತವೆ ಎಂದು ಕಣ್ಣಿನಲ್ಲಿ ಇಟ್ಟುಕೊಳ್ಳಿ. ಅದೇ ತುಂಡನ್ನು ಉಳಿದ ಗುಂಪಿನ ಮೇಲೆ ಗಜಕಡ್ಡಿಯಂತೆ ಇಡುತ್ತಾ ಹೋಗಿ. ಮೂರು ಸಲ ಎಣಿಸಿ ನಡುವಿನ ಸಂಖ್ಯೆ ಬರೆಯಿರಿ. ಪ್ರತಿ ಜನವರಿಯಲ್ಲಿ ಏಷ್ಯಾದ ನೀರುಹಕ್ಕಿ ಗಣತಿ ನಡೆಯುತ್ತದೆ, 1987ರಿಂದಲೂ ನಡೆದುಬಂದಿದೆ, ಸ್ವಯಂಸೇವಕರೇ ಎಣಿಸುವುದು. ನೀವು ಎಣಿಸಲು ಕಲಿತರೆ ನಿಮ್ಮ ಕೆರೆಯ ಲೆಕ್ಕವೂ ಅದರಲ್ಲಿ ಸೇರಬಹುದು. ವರ್ಷವಿಡೀ, ಹಕ್ಕಿಗಳ ಲೆಕ್ಕ ಸೇರಿಸಿಡುವ ಜಾಲತಾಣ ಇ-ಬರ್ಡ್‌ನಲ್ಲಿ ಪಟ್ಟಿ ಹಾಕಬಹುದು. ಅಪರೂಪದ ಹಕ್ಕಿಯನ್ನು ಮಾತ್ರ ಬರೆದು ಕಾಗೆ, ಹದ್ದು, ಮೈನಾ ಬಿಡಬೇಡಿ. ಎಲ್ಲ ಬರೆದ ಪಟ್ಟಿಗೆ ಬೆಲೆ ಹೆಚ್ಚು, ಏಕೆಂದರೆ ಮುಂದೊಂದು ದಿನ ಕಾಣೆಯಾದದ್ದು ಏನು ಎಂದು ಹೇಳಬಲ್ಲದು ಅದೊಂದೇ. ಕೂಗು ಕೇಳಿ ಹೆಸರು ಹೇಳುವ ಮರ್ಲಿನ್ ಆ್ಯಪ್ ಸಹಾಯಕ್ಕಿದೆ. ಅದು ಹೇಳಿದ ಹೆಸರನ್ನು ಹಕ್ಕಿ ನೋಡಿ ಖಾತ್ರಿ ಮಾಡಿಕೊಂಡ ಮೇಲೆಯೇ ಬರೆಯಿರಿ.

ಹೆಜ್ಜಾರ್ಲೆಗೆ ಬೆಳಗಿನ ಆರು ಗಂಟೆಯ ಆತುರವಿಲ್ಲ. ಅಷ್ಟು ಭಾರದ ಮೈ ಮೇಲೇರಲು ಬಿಸಿಗಾಳಿ ಬೇಕು. ನೆಲ ಕಾದ ಮೇಲೆ, ಒಂಬತ್ತು ಹತ್ತರ ಹೊತ್ತಿಗೆ, ಆಕಾಶದಲ್ಲಿ ಸುತ್ತು ಸುತ್ತಾಗಿ ಏರುವುದನ್ನು ನೋಡಬಹುದು. ಮಂಡ್ಯ ಜಿಲ್ಲೆಯ ಕೊಕ್ಕರೆ ಬೆಳ್ಳೂರಿನಲ್ಲಿ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಊರೊಳಗಿನ ಮರಗಳ ಮೇಲೆಯೇ ಗೂಡು ಕಟ್ಟುತ್ತವೆ. ಊರಿನವರು ಅವನ್ನು ಹೆರಿಗೆಗೆ ಬಂದ ಮನೆಮಗಳಂತೆ ಕಾಣುತ್ತಾರೆ.

ನೀರು ಇಳಿದಾಗ

ಮಾರ್ಚ್ ಏಪ್ರಿಲ್‌ನಲ್ಲಿ ಬಾತುಗಳು ಹೊರಡುತ್ತವೆ. ಕೆರೆ ಬಣಗುಟ್ಟಿತು ಎಂದು ಮನೆಯಲ್ಲೇ ಉಳಿಯಬೇಡಿ. ಕೆಸರು ಬಯಲಾದಷ್ಟೂ ಮೆಟ್ಟುಗಾಲು ಹಕ್ಕಿ, ಕೆಂಬರಲು, ಕೊಕ್ಕರೆಗಳಿಗೆ ಹಬ್ಬ. ಮೀನು, ಬಸವನಹುಳು ಎಲ್ಲ ಸಣ್ಣ ಜಾಗದಲ್ಲಿ ಒಟ್ಟೊಟ್ಟಿಗೆ ಸಿಗುತ್ತವೆ.

ಒಣಗಿದ ಅಂಗಳದಲ್ಲಿ ಹೆಜ್ಜೆ ನೋಡಿ ಇಡಿ. ಟಿಟ್ಟಿಭ ಗೂಡು ಕಟ್ಟುವುದಿಲ್ಲ. ಬರಿ ನೆಲದ ಮೇಲೆ, ಕಲ್ಲುಗಳ ನಡುವೆ, ಸಾಮಾನ್ಯವಾಗಿ ನಾಲ್ಕು ಮೊಟ್ಟೆ ಇಡುತ್ತದೆ. ಮೊಟ್ಟೆಯೂ ಮಣ್ಣಿನ ಬಣ್ಣ. ಬಿಸಿಲು ಏರಿದಾಗ ತಾಯಿ ತಂದೆ ಸರದಿಯಲ್ಲಿ ನಿಂತು ನೆರಳು ಕೊಡುತ್ತವೆ, ನೀರಿಗೆ ಹೋಗಿ ಹೊಟ್ಟೆಯ ಗರಿ ನೆನೆಸಿಕೊಂಡು ಬಂದು ಮೊಟ್ಟೆ ತಂಪು ಮಾಡುತ್ತವೆ. ತಲೆಯ ಮೇಲೆ ಸುತ್ತುತ್ತಾ ಅದು ಕಿರುಚುತ್ತಿದ್ದರೆ ನೀವು ಹತ್ತಿರ ಇದ್ದೀರಿ ಎಂದು ಅರ್ಥ. ಬಂದ ದಾರಿಯಲ್ಲೇ ಹಿಂದಿರುಗಿ.

ಇದನ್ನು ನಾನು ನೋವಿನಿಂದ ಕಲಿತೆ. 2015ರ ಬೇಸಿಗೆಯಲ್ಲಿ ಅಂಥದೊಂದು ಮೊಟ್ಟೆಯ ಜಾಗ ಕಂಡು, ಸಂತೋಷ ತಡೆಯಲಾರದೆ ಫೋಟೊ ತೆಗೆದು ಪರಿಚಯದವರಿಗೆ ಕಳುಹಿಸಿದೆ. ಅದು ಕೈಯಿಂದ ಕೈಗೆ ಹೋಯಿತು. ಮೂರನೆಯ ದಿನ ಹೋದಾಗ ಐದಾರು ಜನ ಕ್ಯಾಮೆರಾ ಹಿಡಿದು ಸುತ್ತ ಕೂತಿದ್ದರು, ಹಕ್ಕಿ ದೂರದಲ್ಲಿ ಕೂಗುತ್ತಿತ್ತು, ಮೊಟ್ಟೆಗಳು ಬಿಸಿಲಿನಲ್ಲಿದ್ದವು. ಮರುವಾರ ಅಲ್ಲಿ ಏನೂ ಇರಲಿಲ್ಲ. ಅಂದಿನಿಂದ ಗೂಡಿನ ಫೋಟೊವನ್ನು ನಾನು ತೆಗೆಯುವುದಿಲ್ಲ, ಗೂಡಿನ ಜಾಗವನ್ನು ಯಾರಿಗೂ ಹೇಳುವುದಿಲ್ಲ. ನೀವೂ ಹೇಳಬೇಡಿ. ಹಕ್ಕಿಯ ಕೂಗನ್ನು ಮೊಬೈಲಿನಲ್ಲಿ ಹಾಕಿ ಕರೆಯಬೇಡಿ, ಬ್ರೆಡ್ಡು ಮುರುಕು ಎಸೆಯಬೇಡಿ.

ಕೆರೆ ಅಭಿವೃದ್ಧಿಯ ಮಾತು ಬಂದಾಗ ನನ್ನಂಥವರು ಬಾಯಿ ತೆರೆಯಬೇಕಾದ ವಿಷಯವೂ ಇದೇ. ಹೂಳೆತ್ತುವ ಹೆಸರಿನಲ್ಲಿ ಕೆರೆಯನ್ನು ಬಟ್ಟಲಿನಂತೆ ಎಲ್ಲ ಕಡೆ ಒಂದೇ ಆಳಕ್ಕೆ ತೋಡಿ, ಸುತ್ತ ಕಡಿದಾದ ಕಲ್ಲುಕಟ್ಟಡ ಕಟ್ಟಿದರೆ ನೀರು ಹೆಚ್ಚು ನಿಲ್ಲುತ್ತದೆ, ನೋಡಲೂ ಅಚ್ಚುಕಟ್ಟು. ಆದರೆ ಗೇಣುದ್ದ ನೀರಿನ ಅಂಚು ಹೋಗುತ್ತದೆ. ಗೇಣುದ್ದ ನೀರು ಇಲ್ಲದ ಕೆರೆಯಲ್ಲಿ ಗೇಣುದ್ದ ಕಾಲಿನ ಹಕ್ಕಿಗೆ ನಿಲ್ಲಲು ನೆಲವಿಲ್ಲ. ನಿಮ್ಮ ಕೆರೆಯ ಸಭೆ ನಡೆದರೆ ಹೋಗಿ, ಒಂದು ಕಡೆಯಾದರೂ ಇಳಿಜಾರಾದ ಕೆಸರಿನ ದಡ, ಒಂದು ಕಡೆಯಾದರೂ ಜೊಂಡು ಉಳಿಯಲಿ ಎಂದು ಕೇಳಿ. ನಿಮ್ಮ ನೋಟ್‌ಬುಕ್ಕಿನ ಲೆಕ್ಕ ಅಲ್ಲಿ ಕೆಲಸಕ್ಕೆ ಬರುತ್ತದೆ.

ಒಂದು ವರ್ಷ ಕಳೆದ ಮೇಲೆ ಬೇರೆ ಕೆರೆಗಳಿಗೆ ಹೋಗಿ. ಹೆಬ್ಬಾಳಕ್ಕೆ ಹೆಜ್ಜಾರ್ಲೆಗಾಗಿ, ಯಲಹಂಕದ ಪುಟ್ಟೇನಹಳ್ಳಿಗೆ ಕೊಕ್ಕರೆ, ಹಾವಕ್ಕಿಗಳಿಗಾಗಿ, ಸರ್ಜಾಪುರ ರಸ್ತೆಯ ಕೈಕೊಂಡ್ರಹಳ್ಳಿಗೆ ಮಕ್ಕಳನ್ನು ಕರೆದುಕೊಂಡು. ಹೊಸಕೋಟೆ ಕೆರೆ ನೀರು ಇಳಿದ ಚಳಿಗಾಲದಲ್ಲಿ ಒಳ್ಳೆಯದು. ಒಬ್ಬರೇ ಹೋಗಲು ಸಂಕೋಚವಾದರೆ ತಿಂಗಳ ಎರಡನೇ ಭಾನುವಾರ ಲಾಲ್‌ಬಾಗಿನ ಗಾಜಿನ ಮನೆಯ ಬಳಿ ಹಕ್ಕಿ ನೋಡುವವರು ದಶಕಗಳಿಂದ ಸೇರುತ್ತಿದ್ದಾರೆ. ಅಲ್ಲಿ ಹೊಸಬರಿಗೆ ಕೈಹಿಡಿದು ತೋರಿಸುವವರಿದ್ದಾರೆ.

ಇನ್ನು ನೋಟ್‌ಬುಕ್ಕು. ದಿನಾಂಕ, ಹೊತ್ತು, ನಿಮ್ಮ ಕಲ್ಲಿನ ಬಳಿ ನೀರು ಎಲ್ಲಿಯವರೆಗಿದೆ, ಗಾಳಿ ಮೋಡ, ಆಮೇಲೆ ಹಕ್ಕಿ ಮತ್ತು ಸಂಖ್ಯೆ. ಗುರುತಾಗದ ಹಕ್ಕಿಗೆ ಊಹೆಯ ಹೆಸರು ಬರೆಯಬೇಡಿ. ಕಂಡದ್ದನ್ನು ಬರೆದು ಹೆಸರಿನ ಜಾಗ ಖಾಲಿ ಬಿಡಿ. 2014ರ ನನ್ನ ಪುಸ್ತಕದಲ್ಲಿ ಹೀಗೊಂದು ಸಾಲಿದೆ: ‘ಜೊಂಡಿನೊಳಗೆ. ಒಣ ಜೊಂಡಿನದೇ ಬಣ್ಣ. ಕೊಳದ ಬಕಕ್ಕಿಂತ ಚಿಕ್ಕದು. ನನ್ನನ್ನು ನೋಡಿ ಕತ್ತು ಕೊಕ್ಕು ಎರಡನ್ನೂ ಆಕಾಶಕ್ಕೆತ್ತಿ ನಿಂತಿತು. ಜೊಂಡು ಗಾಳಿಗೆ ಓಲಾಡಿದಂತೆ ಅದೂ ಓಲಾಡಿತು.’ ಮುಂದೆ ಖಾಲಿ. ಆರು ವರ್ಷ ಅದು ಖಾಲಿಯಾಗಿಯೇ ಇತ್ತು. 2020ರ ಜುಲೈ ತಿಂಗಳ ಒಂದು ಬೆಳಿಗ್ಗೆ, ಕಲ್ಲಿನ ನೆತ್ತಿ ಮುಳುಗಿದ್ದ ದಿನ, ಅದೇ ಜೊಂಡಿನ ಅಂಚಿನಲ್ಲಿ ಅದು ಹೊರಗೆ ಬಂದು ಹಾರಿತು. ಹಳದಿ ಮಾಸಿದ ಮೈ, ರೆಕ್ಕೆಯ ತುದಿ ಕಪ್ಪು. ಹಳದಿ ಗುಪ್ಪಿ. ಮನೆಗೆ ಬಂದು ಹಳೆಯ ಪುಸ್ತಕ ಹುಡುಕಿ ತೆಗೆದು, ಖಾಲಿ ಜಾಗದಲ್ಲಿ ನೀಲಿ ಶಾಯಿಯಿಂದ ಹೆಸರು ಬರೆದೆ.